ಮುಂಬೈ ಕಿಟಕಿಯ ಗ್ರಿಲ್‌ನಲ್ಲಿ ಅರಾಕೇರಿಯಾ, ಲೆಮನ್ ಸೈಪ್ರೆಸ್, ಮೋರ್‌ಪಂಖಿ: ನಾನು ಸಾಕಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಮುಂಬೈ ಕಡೆ ಫ್ಲಾಟ್‌ನಲ್ಲಿದ್ದು, ಕಿಟಕಿಯ ಗ್ರಿಲ್‌ನಲ್ಲಿ ಕುಂಡ ಇಡುವವರು ನೀವಾದರೆ ಅರಾಕೇರಿಯಾ ತಗೊಳ್ಳಿ. ನಮ್ಮನೆಯ ಅರಾಕೇರಿಯಾ ಮೂರು ಮಳೆಗಾಲ ಕಂಡಿದೆ. ಲೆಮನ್ ಸೈಪ್ರೆಸ್ ಎರಡು ಸಲ ತಂದೆ, ಎರಡು ಸಲವೂ ಕಳೆದುಕೊಂಡೆ. ಮೋರ್‌ಪಂಖಿ ಚೆನ್ನಾಗಿದೆ, ಆದರೆ ಈಗ ಅದು ನಮ್ಮನೆಯಲ್ಲಿಲ್ಲ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಮೂರನೇ ಮಹಡಿ. ಕಿಟಕಿ ಪೂರ್ವಕ್ಕಿದೆ. ಎದುರಿನ ಬಿಲ್ಡಿಂಗ್ ದಾಟಿ ಬಿಸಿಲು ಬರುವಾಗ ಎಂಟೂವರೆ, ಹನ್ನೊಂದೂವರೆಗೆಲ್ಲ ಹೋಗಿಬಿಡುತ್ತದೆ. ನಾನು ಬೆಳಗ್ಗೆ 7.40ಕ್ಕೆ ಮನೆ ಬಿಟ್ಟರೆ ಲೋಕಲ್ ಇಳಿದು ವಾಪಸ್ ಬರುವುದು ರಾತ್ರಿ ಎಂಟಕ್ಕೆ. ಹಗಲಲ್ಲಿ ಗಿಡ ನೋಡುವವರು ಯಾರೂ ಇಲ್ಲ. ಮುಂದೆ ಹೇಳುವುದನ್ನೆಲ್ಲ ಈ ಲೆಕ್ಕದಲ್ಲೇ ಓದಿ.

ತೀರ್ಥಹಳ್ಳಿ ಕಡೆಯವಳು ನಾನು. ವರ್ಷವಿಡೀ ಹಸಿರಾಗಿರುವ ಒಂದು ಗಿಡ ಕಿಟಕಿಯಲ್ಲಿ ಬೇಕೇ ಬೇಕು ಅನ್ನಿಸಿತ್ತು. ಡಿಸೆಂಬರ್‌ನಲ್ಲಿ ನರ್ಸರಿಗೆ ಹೋದಾಗ ಮೂರನ್ನೂ ಒಟ್ಟಿಗೆ ತಂದೆ. ಒಂದೂವರೆ ಅಡಿಯ ಅರಾಕೇರಿಯಾಕ್ಕೆ 450 ರೂಪಾಯಿ. ಇಲ್ಲಿ ಎಲ್ಲರೂ ಅದನ್ನು ಕ್ರಿಸ್‌ಮಸ್ ಟ್ರೀ ಅಂತಲೇ ಕೇಳಿ ತಗೊಳ್ಳುತ್ತಾರೆ. ಲೆಮನ್ ಸೈಪ್ರೆಸ್ 650, ಮೋರ್‌ಪಂಖಿ ಬರೀ 120. ನೋಡಲು ಎಲ್ಲಕ್ಕಿಂತ ಚಂದ ಲೆಮನ್ ಸೈಪ್ರೆಸ್. ತಿಳಿ ಹಳದಿ ಬಣ್ಣ, ದೀಪದ ಕುಡಿಯಂಥ ಆಕಾರ. ಎಲೆ ಸವರಿದರೆ ಕೈಯೆಲ್ಲ ನಿಂಬೆ ವಾಸನೆ. ನಾನು ಸೋತಿದ್ದು ಆ ವಾಸನೆಗೆ.

ತೊಂದರೆ ಶುರುವಾಗಿದ್ದು ಕುಂಡದ ಕೆಳಗಿನ ತಟ್ಟೆಯಿಂದ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಗ್ರಿಲ್ ಇರುವ ಪ್ರತಿ ಮನೆಯಲ್ಲೂ ಇದು ಆಗುವಂಥದ್ದೇ.

ಮೇ ತಿಂಗಳಲ್ಲಿ ನಾನು ರಾತ್ರಿ ಧಾರಾಳವಾಗಿ ನೀರು ಹಾಕುತ್ತಿದ್ದೆ. ಕೆಳಗಿನ ಮನೆಯ ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ) ತಮ್ಮ ಗ್ರಿಲ್‌ನಲ್ಲಿ ಮಾವಿನಕಾಯಿ ಹೋಳು ಒಣಗಲು ಇಟ್ಟಿದ್ದರು. ನಮ್ಮ ಕುಂಡದ ಕೆಂಪು ನೀರು ನೇರ ಅದರ ಮೇಲೆ ತೊಟ್ಟಿಕ್ಕಿತು. "ಅಹೋ, ಕುಂಡೀಚಂ ಪಾಣಿ ಪಡ್ತಯ್" (ಕುಂಡದ ನೀರು ಬೀಳುತ್ತಿದೆ) ಅಂತ ಮೇಲೆ ಬಂದು ಹೇಳಿದರು. ಅವರದು ನ್ಯಾಯವಾದ ಮಾತು. ವರ್ಷದ ಉಪ್ಪಿನಕಾಯಿ ಅದು. ಅದೇ ವಾರ ನಮ್ಮ ಬಿಲ್ಡಿಂಗ್‌ನ ಸೊಸೈಟಿಯವರೂ ಪ್ರತಿ ಕುಂಡದ ಕೆಳಗೆ ತಟ್ಟೆ ಇರಲೇಬೇಕು ಅಂತ ನೋಟಿಸ್ ಹಚ್ಚಿದರು. ನಾನು ಎಲ್ಲ ಕುಂಡಕ್ಕೂ ಆಳವಾದ ಪ್ಲಾಸ್ಟಿಕ್ ತಟ್ಟೆ ತಂದಿಟ್ಟೆ.

ಜೂನ್ ಬಂತು. ಇಲ್ಲಿನ ಮಳೆ ಗೊತ್ತಲ್ವಾ, ಗಾಳಿ ತಿರುಗಿದರೆ ಗ್ರಿಲ್ ಒಳಗೇ ಹೊಡೆಯುತ್ತದೆ. ಬೆಳಗ್ಗೆ ತಟ್ಟೆ ಖಾಲಿ ಮಾಡಿ ಹೋದರೆ ರಾತ್ರಿ ಬರುವಷ್ಟರಲ್ಲಿ ತುಂಬಿರುತ್ತಿತ್ತು. ಜುಲೈ ಪೂರ್ತಿ ಕುಂಡದ ಬುಡ ಎರಡಿಂಚು ನೀರಲ್ಲೇ ನಿಂತಿತ್ತು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ.

ನನಗೆ ಇದು ತಿಳಿಯಲೇ ಇಲ್ಲ. ಯಾಕೆಂದರೆ ಈ ಜಾತಿಯ ಗಿಡಗಳು ಸಂಕಟವನ್ನು ಬೇಗ ತೋರಿಸುವುದಿಲ್ಲ. ದಾಸವಾಳಕ್ಕೆ ಏನಾದರೂ ಆದರೆ ಎರಡೇ ದಿನದಲ್ಲಿ ಎಲೆ ಜೋಲುತ್ತದೆ, ನಮಗೂ ಗೊತ್ತಾಗುತ್ತದೆ. ಕೋನಿಫರ್, ಅಂದರೆ ಪೈನ್, ಸೈಪ್ರೆಸ್ ಥರದ ಗಿಡಗಳು, ಹಾಗಲ್ಲ. ಕಡಿದು ತಂದ ಕ್ರಿಸ್‌ಮಸ್ ಮರ ವಾರಗಟ್ಟಲೆ ಹಸಿರಾಗಿರುತ್ತದಲ್ಲ, ಹಾಗೆಯೇ ಬೇರು ಸತ್ತ ಮೇಲೂ ಎಲೆ ಹಸಿರಾಗಿಯೇ ಇರುತ್ತದೆ. ನನ್ನ ಲೆಮನ್ ಸೈಪ್ರೆಸ್ ಗಣಪತಿ ಹಬ್ಬದವರೆಗೂ ನೋಡಲು ಚೆನ್ನಾಗಿತ್ತು. ಆಮೇಲೆ ಒಂದೇ ವಾರದಲ್ಲಿ ಬುಡದಿಂದ ಮೇಲಕ್ಕೆ ಕಂದು ಬಣ್ಣ ಏರಿತು. ನೀರು ಕಡಿಮೆ ಆಯಿತು ಅಂದುಕೊಂಡು ಇನ್ನೂ ನೀರು ಹಾಕಿದೆ. ಆ ತಪ್ಪು ನೆನೆದರೆ ಈಗಲೂ ಬೇಜಾರಾಗುತ್ತದೆ.

ಕೊನೆಗೆ ಕುಂಡ ಬೋರಲು ಹಾಕಿ ನೋಡಿದೆ. ಹುಳಿ ವಾಸನೆ ಬಂತು. ಬೇರುಗಳು ಒದ್ದೆ ದಾರದ ಹಾಗೆ ಕೈಗೇ ಬಂದವು. ನಡುವೆ ನರ್ಸರಿಯ ಕೆಂಪು ಜೇಡಿಮಣ್ಣಿನ ಉಂಡೆ ಹಾಗೇ ಇತ್ತು. ಬೇಸಿಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿ ನೀರು ಒಳಗೇ ಇಳಿಯದ ಮಣ್ಣು, ಮಳೆಗಾಲದಲ್ಲಿ ನೀರು ಬಿಡದ ಮಣ್ಣು ಅದು. ನಾನು ಸುತ್ತ ಒಳ್ಳೆಯ ಮಣ್ಣು ತುಂಬಿದ್ದರಿಂದ ಏನೂ ಉಪಯೋಗ ಆಗಿರಲಿಲ್ಲ. ಹೊಸ ಗಿಡ ತಂದ ಮೇಲೆ ಆ ಉಂಡೆಯ ಹೊರಗಿನ ಮಣ್ಣನ್ನು ಬೆರಳಲ್ಲಿ ನಿಧಾನಕ್ಕೆ ಬಿಡಿಸಿ ನೆಡಿ. ಬೇರನ್ನೆಲ್ಲ ತೊಳೆದು ಬರಿದು ಮಾಡಬೇಡಿ, ಗಿಡ ತಡೆಯುವುದಿಲ್ಲ.

ಅದೇ ತಟ್ಟೆ, ಅದೇ ಮಳೆ, ಅದೇ ಮಣ್ಣು ಅರಾಕೇರಿಯಾಕ್ಕೂ ಇತ್ತು. ಅದರ ಕೆಳಗಿನ ಎರಡು ಕೊಂಬೆ ಹೋದವು, ಗಿಡ ಉಳಿಯಿತು. ಕೂಡಲೇ ಅದನ್ನು ಹೊಸ ಮಣ್ಣಿಗೆ ಹಾಕಿದೆ: ಕೋಕೋಪೀಟ್ (ತೆಂಗಿನ ನಾರಿನ ಪುಡಿ), ದಪ್ಪ ಮರಳು, ಎರೆಗೊಬ್ಬರ ಹೆಚ್ಚುಕಡಿಮೆ ಸಮಪಾಲು. ತಟ್ಟೆಯಲ್ಲಿ ಮೂರು ಟೈಲ್ಸ್ ಚೂರು ಇಟ್ಟು ಅದರ ಮೇಲೆ ಕುಂಡ ಕೂರಿಸಿದೆ, ಬುಡ ನೀರಿಗೆ ತಾಗದ ಹಾಗೆ. ಮಳೆಗಾಲದಲ್ಲಿ ತಟ್ಟೆ ತೆಗೆದಿಡಲೇ ಅಂತ ಕಾಕೂ ಹತ್ತಿರವೂ ಮಾತಾಡಿದೆ. "ಪಾವಸಾತ್ ಚಾಲೇಲ್" (ಮಳೆಯಲ್ಲಿ ಪರವಾಗಿಲ್ಲ) ಅಂದರು. ಮಳೆ ನೀರು ಹೇಗೂ ಬೀಳುತ್ತದಲ್ಲ. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಟ್ಟೆಗಳೆಲ್ಲ ಮನೆಯೊಳಗೆ, ಅಕ್ಟೋಬರ್‌ನಲ್ಲಿ ವಾಪಸ್. ನೋಟಿಸ್ ಹಚ್ಚಿದ ಸೆಕ್ರೆಟರಿಯವರಿಗೆ ಕಾಕೂ ಅವರೇ ಹೇಳಿ ಒಪ್ಪಿಸಿದರು.

ಎರಡನೇ ಸಲ ಲೆಮನ್ ಸೈಪ್ರೆಸ್ ತಂದಾಗ ಮಣ್ಣು ಸರಿಯಿತ್ತು, ಟೈಲ್ಸ್ ಚೂರೂ ಇತ್ತು. ಆದರೂ ಅಕ್ಟೋಬರ್ ಸೆಕೆಗೆ ಹೋಯಿತು. ಆಗ ಅದರ ಹುಟ್ಟೂರು ಯಾವುದು ಅಂತ ಓದಿದೆ. ಮೂಲ ಮರ ಕ್ಯಾಲಿಫೋರ್ನಿಯಾದ ಮಾಂಟೆರೆ ಕರಾವಳಿಯದು. ಅಲ್ಲೂ ಸಮುದ್ರ ಇದೆ, ಉಪ್ಪುಗಾಳಿ ಇದೆ. ಆದರೆ ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಮಳೆಯೇ ಇಲ್ಲ, ತಣ್ಣನೆಯ ಮಂಜು. ನಮ್ಮಲ್ಲಿ ಸೆಕೆಯೂ ಮಳೆಯೂ ಒಟ್ಟೊಟ್ಟಿಗೆ ಬರುತ್ತವೆ. ಬೆಚ್ಚಗಿನ ಒದ್ದೆ ಮಣ್ಣು ಆ ಬೇರಿಗೆ ಆಗಿಬರುವುದಿಲ್ಲ. ಅರಾಕೇರಿಯಾದ ಊರು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ನಡುವಿನ ನಾರ್ಫೋಕ್ ದ್ವೀಪ. 1774ರಲ್ಲಿ ಕ್ಯಾಪ್ಟನ್ ಕುಕ್ ಅಲ್ಲಿ ಈ ಮರಗಳನ್ನು ನೋಡಿ ಹಡಗಿನ ಕಂಬಕ್ಕೆ ಒಳ್ಳೆಯದು ಅಂದುಕೊಂಡಿದ್ದ. ವರ್ಷವಿಡೀ ಹಿತವಾದ ಹವೆ, ತೇವದ ಗಾಳಿ, ಹಿಮ ಬೀಳದ ಜಾಗ ಅದು. ಈ ಗಿಡ ಇಲ್ಲಿ ಒಗ್ಗಿಕೊಂಡಿದ್ದು ಅದಕ್ಕೇ ಅಂತ ನನ್ನ ನಂಬಿಕೆ.

ಮೋರ್‌ಪಂಖಿ ವಿಷಯ ಚಿಕ್ಕದು. ಗಟ್ಟಿ ಗಿಡ, ಅಗ್ಗ, ರೋಗ ಕಡಿಮೆ. ಹಿಂದಿಯಲ್ಲಿ ಮೋರ್‌ಪಂಖ್ ಅಂದರೆ ನವಿಲುಗರಿ, ಹಾಗಾಗಿ ಹೆಸರು ಕೇಳಿದಾಗೆಲ್ಲ ಶಾಲೆಯಲ್ಲಿ ಪುಸ್ತಕದೊಳಗೆ ನವಿಲುಗರಿ ಇಟ್ಟು ಮರಿ ಹಾಕುತ್ತದೆ ಅಂತ ಕಾಯುತ್ತಿದ್ದುದು ನೆನಪಾಗುತ್ತದೆ. ಆದರೆ ಅದಕ್ಕೆ ಬಿಸಿಲು ಜಾಸ್ತಿ ಬೇಕು. ನಮ್ಮ ಮೂರು ಗಂಟೆ ಬಿಸಿಲಿಗೆ ಒಳಗೆಲ್ಲ ಒಣಗಿ, ಹೊರಗೆ ತೆಳ್ಳಗಾಯಿತು. ಪುಣೆಯ ಕೋಥ್ರೂಡ್‌ನಲ್ಲಿರುವ ನಾದಿನಿಗೆ ಕೊಟ್ಟೆ. ಅವಳ ಟೆರೇಸ್‌ನಲ್ಲಿ ದಿನವಿಡೀ ಬಿಸಿಲು. ಅಲ್ಲಿ ಈಗ ಅವಳ ಎದೆಯೆತ್ತರ ಬೆಳೆದಿದೆ. ಟೆರೇಸ್ ಇದ್ದವರು ಅದನ್ನೇ ತಗೊಳ್ಳಿ, ಅರಾಕೇರಿಯಾಕ್ಕೆ ದುಡ್ಡು ಹಾಕಬೇಡಿ.

ಅರಾಕೇರಿಯಾದಲ್ಲೂ ಕೊರತೆ ಇದೆ. ಒಮ್ಮೆ ಉದುರಿದ ಕೊಂಬೆ ಆ ಜಾಗದಲ್ಲಿ ಮತ್ತೆ ಚಿಗುರುವುದಿಲ್ಲ. ನಮ್ಮದರ ಎಡಗಡೆ ಕೆಳಗೆ ಇವತ್ತಿಗೂ ಖಾಲಿ. ಬೆಳಕು ಒಂದೇ ಕಡೆಯಿಂದ ಬಂದರೆ ಅತ್ತಲೇ ವಾಲುತ್ತದೆ, ಹಾಗಾಗಿ ಪ್ರತಿ ಭಾನುವಾರ ಕುಂಡವನ್ನು ಕಾಲು ಸುತ್ತು ತಿರುಗಿಸುತ್ತೇನೆ. ಎಸಿ ಗಾಳಿ ನೇರ ತಾಗಬಾರದು. ನೀರಿಗೆ ನಾನು ಇಟ್ಟುಕೊಂಡ ಲೆಕ್ಕ ಇಷ್ಟೇ: ಬೆರಳು ಒಂದಿಂಚು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು. ದಿನಾ ಬೇಕಿಲ್ಲ. ನನ್ನಂತೆ ಕೆಲಸಕ್ಕೆ ಹೋಗುವವರಿಗೆ ಇದು ದೊಡ್ಡ ಅನುಕೂಲ. ಇನ್ನೊಂದು, ತಗೊಳ್ಳುವಾಗ ಬುಡ ನೋಡಿ. ಪೊದೆಯಂತೆ ಕಾಣಲಿ ಅಂತ ಒಂದೇ ಕುಂಡದಲ್ಲಿ ಮೂರ್ನಾಲ್ಕು ಸಸಿ ನೆಟ್ಟಿರುತ್ತಾರೆ. ಅವು ಬೆಳೆಯುತ್ತ ಒಂದಕ್ಕೊಂದು ಪೈಪೋಟಿಗೆ ಬೀಳುತ್ತವೆ. ಒಂಟಿ ಕಾಂಡದ್ದು ಸ್ವಲ್ಪ ಬಡಕಲಾಗಿ ಕಂಡರೂ ಅದನ್ನೇ ಆರಿಸಿ.

ಲೆಮನ್ ಸೈಪ್ರೆಸ್ ಬೇಡವೇ ಬೇಡ ಅಂತ ಹೇಳಲಾರೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮೂರು ತಿಂಗಳು ಮನೆ ತುಂಬ ಪರಿಮಳ ಕೊಟ್ಟ ಗಿಡ ಅದು. ಆದರೆ ಎರಡು ಸಲ 650 ಕೊಟ್ಟು, ಎರಡು ಸಲವೂ ಕೈಯಾರೆ ಕಿತ್ತು ಎಸೆದ ಮೇಲೆ ಮೂರನೆಯದು ತರುವ ಮನಸ್ಸು ನನಗಿಲ್ಲ.

ನಮ್ಮ ಅರಾಕೇರಿಯಾದ ತುದಿ ಗ್ರಿಲ್‌ನ ಮೇಲಿನ ಸರಳಿಗೆ ತಾಗಲು ಇನ್ನು ಒಂದೂವರೆ ಅಡಿ ಇದೆ. ತುದಿ ಕತ್ತರಿಸಿದರೆ ಆ ಗೋಪುರದ ಆಕಾರವೇ ಹೋಗುತ್ತದೆ, ಕತ್ತರಿಸುವುದಿಲ್ಲ. ಟೆರೇಸ್ ಮೇಲೆ ಒಂದು ಡ್ರಮ್‌ಗೆ ಜಾಗ ಕೊಡಿ ಅಂತ ಸೊಸೈಟಿಗೆ ಈಗಲೇ ಅರ್ಜಿ ಬರೆದಿದ್ದೇನೆ. ಕಾಕೂ ಕೂಡ ಸಹಿ ಹಾಕಿದ್ದಾರೆ.