ಡೊಂಬಿವಲಿಯ ನಮ್ಮ ಸಂಘದ ಲೈಬ್ರರಿಗೆ ಜ್ಯಾಂಗೊ ಮತ್ತು ಪೋಸ್ಟ್‌ಗ್ರೆಸ್: 3 ವರ್ಷ ಬಳಸಿದ ಮೇಲೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸಂಘದ ಹಳೆಯ ವೆಬ್‌ಸೈಟಿನಲ್ಲಿ ಡಿ'ಸೋಜ ಎಂಬ ಹೆಸರನ್ನು ಸೇರಿಸಲು ಆಗುತ್ತಲೇ ಇರಲಿಲ್ಲ. ಇಂಗ್ಲಿಷಿನಲ್ಲಿ ಹೆಸರು ಬರೆದು, ಮಧ್ಯೆ ಆ ಸಣ್ಣ ಚಿಹ್ನೆ ಹಾಕಿ ಸೇವ್ ಒತ್ತಿದರೆ ಬಿಳಿ ಪುಟ. ಡೊಂಬಿವಲಿಯಲ್ಲಿ ಮಂಗಳೂರು ಕಡೆಯವರು ಎಷ್ಟು ಜನ ಇದ್ದಾರೆ ಅಂತ ಇಲ್ಲಿರುವವರಿಗೆ ಗೊತ್ತೇ ಇದೆ. ಡಿ'ಸೋಜ, ಡಿ'ಮೆಲ್ಲೊ, ಡಿ'ಕುನ್ಹ, ಎಲ್ಲರದ್ದೂ ಇದೇ ಕಥೆ. ಅವರ ಸದಸ್ಯತ್ವದ ಲೆಕ್ಕ ವರ್ಷಗಟ್ಟಲೆ ಒಂದು ನೋಟ್‌ಬುಕ್ಕಿನಲ್ಲೇ ಉಳಿದಿತ್ತು. ಕಾರಣ ಇಷ್ಟೇ. ಫಾರ್ಮಿನಲ್ಲಿ ಬರೆದದ್ದನ್ನು ಆ ಪಿಎಚ್‌ಪಿ ಕೋಡ್ ಹಾಗೇ ಎತ್ತಿ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ) ವಾಕ್ಯದ ಮಧ್ಯೆ ಅಂಟಿಸುತ್ತಿತ್ತು. ಆ ಭಾಷೆಯಲ್ಲಿ ಬರಹ ಮುಗಿದ ಗುರುತೂ ಅದೇ ಚಿಹ್ನೆ, ಹಾಗಾಗಿ ಅದು ಬಂದ ಕೂಡಲೇ ಹೆಸರು ಅಲ್ಲಿಗೇ ಮುಗಿಯಿತು ಅಂತ ಡೇಟಾಬೇಸ್ ಅಂದುಕೊಳ್ಳುತ್ತದೆ, ಉಳಿದ 'ಸೋಜ'ವನ್ನು ಆಜ್ಞೆ ಅಂತ ಓದಲು ಹೋಗಿ ಎಡವುತ್ತದೆ. ಎಡವಿದರೆ ಪುಣ್ಯ. ಕೆಟ್ಟ ಮನಸ್ಸಿನವರು ಇದೇ ಸಂದಿಯಲ್ಲಿ ನುಗ್ಗಿ ಇಡೀ ಟೇಬಲನ್ನೇ ಅಳಿಸಿಹಾಕಬಹುದು.

ಅದನ್ನು ಬಿಟ್ಟು ಜ್ಯಾಂಗೊಗೆ, ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಲು ಇರುವ ಸಿದ್ಧ ಚೌಕಟ್ಟಿಗೆ, ಬಂದು ಈಗ 3 ವರ್ಷ. ನನ್ನದು ವಾರವೆಲ್ಲ ಠಾಣೆಯಲ್ಲಿ ಆಫೀಸು, ಸಂಘದ ಕೆಲಸಕ್ಕೆ ಸಿಗುವುದು ಭಾನುವಾರ ಮಾತ್ರ. 640 ಸದಸ್ಯರು, 3,200 ಪುಸ್ತಕ, ವರ್ಷಕ್ಕೆ ನಾಲ್ಕೈದು ಕಾರ್ಯಕ್ರಮದ ಬುಕಿಂಗ್. ದೊಡ್ಡ ವ್ಯವಸ್ಥೆ ಏನಲ್ಲ. ಇಂಥದ್ದೇ ಕೆಲಸ ಹಿಡಿದು ಕೂತವರು ನಮ್ಮ ಹುಡುಗರಲ್ಲಿ ತುಂಬಾ ಇದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ. ಜ್ಯಾಂಗೊ ಪೂರ್ತಿಯ ಬಗ್ಗೆ ಅಲ್ಲ, ಅದು ಡೇಟಾಬೇಸ್ ಜೊತೆ ಮಾತಾಡುವ ಭಾಗ, ಅಂದರೆ ಓಆರ್‌ಎಂ ಬಗ್ಗೆ.

ಓಆರ್‌ಎಂ ಅಂದರೆ ನೀವು ಪೈಥಾನಿನಲ್ಲಿ ಪುಸ್ತಕ, ಸದಸ್ಯ, ಎರವಲು ಅಂತ ಕ್ಲಾಸ್ ಬರೆಯುತ್ತೀರಿ, ಟೇಬಲ್ಲುಗಳನ್ನೂ ಎಸ್‌ಕ್ಯೂಎಲ್ಲನ್ನೂ ಅದೇ ಬರೆದುಕೊಳ್ಳುತ್ತದೆ. ನೀವು ಕೊಟ್ಟ ಮಾಹಿತಿಯನ್ನು ವಾಕ್ಯದೊಳಗೆ ಅಂಟಿಸುವುದಿಲ್ಲ, ಬೇರೆಯಾಗಿಯೇ ಕಳಿಸುತ್ತದೆ. ಹಾಗಾಗಿ ಡಿ'ಸೋಜ ಮೊದಲ ದಿನವೇ ಸೇರಿದರು. ಇದಕ್ಕಾಗಿ ನಾನು ಒಂದು ಸಾಲೂ ಹೆಚ್ಚು ಬರೆಯಲಿಲ್ಲ. ಎಸ್‌ಕ್ಯೂಎಲ್ಲನ್ನು ನೀವೇ ಕೈಯಾರೆ ಬರೆಯುವ ಸಂದರ್ಭ ಬಂದರೂ ಮಾಹಿತಿಯನ್ನು ಪ್ಯಾರಾಮೀಟರ್ ಆಗಿಯೇ, ಅಂದರೆ ವಾಕ್ಯದಿಂದ ಬೇರೆಯಾಗಿಯೇ ಕೊಡಿ, ಅಂಟಿಸಬೇಡಿ. ಅಂಟಿಸಿದರೆ ಜ್ಯಾಂಗೊ ಕೂಡ ಕಾಪಾಡುವುದಿಲ್ಲ.

ಜ್ಯಾಂಗೊ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್‌ನ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ, ಎಲ್ಲರಿಗೂ ಬಿಡುಗಡೆ ಆಗಿದ್ದು 2005ರಲ್ಲಿ. ಸುದ್ದಿಮನೆಯವರು ಪ್ರೋಗ್ರಾಮರ್‌ಗೆ ಕಾಯದೆ ತಾವೇ ಮಾಹಿತಿ ತುಂಬಬೇಕಿತ್ತು. ಅದರ ಅಡ್ಮಿನ್ ಪುಟ ಅಷ್ಟು ಚೆನ್ನಾಗಿರುವುದು ಅದಕ್ಕೇ ಅನ್ನಿಸುತ್ತದೆ. ಕ್ಲಾಸ್ ಬರೆದು ಒಂದು ಸಾಲು ಸೇರಿಸಿದರೆ ಸಾಕು, ಸೇರಿಸುವ, ತಿದ್ದುವ, ಅಳಿಸುವ ಪುಟ ತಯಾರು. ನಮ್ಮ ಲೈಬ್ರರಿ ನೋಡಿಕೊಳ್ಳುವವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯ ಹೆಂಗಸು. ಅವರು ಅರ್ಧ ಗಂಟೆಯಲ್ಲಿ ಕಲಿತರು. ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಇದೆ. ಕೆಲವು ಮಾತು ಇಂಗ್ಲಿಷಿನಲ್ಲೇ ಉಳಿದಿವೆ, ಆದರೂ 'ಉಳಿಸಿ' ಅಂತ ಕಂಡಾಗ ಅವರಿಗೆ ಆದ ಖುಷಿ ನನಗೆ ಇನ್ನೂ ನೆನಪಿದೆ.

ಈಗ ತೊಂದರೆಗಳಿಗೆ ಬರುತ್ತೇನೆ, ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಮೊದಲನೆಯದು ವೇಗ. ಎರವಲು ಹೋದ ಪುಸ್ತಕಗಳ ಪುಟ ತೆರೆಯಲು ಶುರುವಿನಲ್ಲಿ ಏನೂ ಸಮಯ ಹಿಡಿಯುತ್ತಿರಲಿಲ್ಲ. ಪಟ್ಟಿ 300 ಮುಟ್ಟಿದ ಮೇಲೆ ನಾಲ್ಕೈದು ಸೆಕೆಂಡ್ ಸುಮ್ನೆ ಕಾಯಬೇಕಾಯಿತು. ಸರ್ವರ್ ಚಿಕ್ಕದಾಯಿತು ಅಂದುಕೊಂಡು ದುಡ್ಡು ಕೊಟ್ಟು ದೊಡ್ಡದು ಮಾಡಿಸಲು ಹೊರಟಿದ್ದೆವು. ಆಮೇಲೆ, ಪುಟದ ಹಿಂದೆ ಏನು ನಡೆಯುತ್ತದೆ ಅಂತ ತೋರಿಸುವ ಡೀಬಗ್ ಟೂಲ್‌ಬಾರ್ ಹಾಕಿ ನೋಡಿದರೆ ಆ ಒಂದು ಪುಟಕ್ಕೆ 601 ಕ್ವೆರಿ, ಅಂದರೆ ಡೇಟಾಬೇಸಿಗೆ 601 ಸಲ ಪ್ರಶ್ನೆ! ಎರವಲಿನ ಪಟ್ಟಿ ತರಲು 1. ಆಮೇಲೆ ಟೆಂಪ್ಲೇಟಿನಲ್ಲಿ (ಪುಟದ ಅಚ್ಚಿನಲ್ಲಿ) ಪ್ರತಿ ಸಾಲಿಗೂ ಪುಸ್ತಕದ ಹೆಸರು ಕೇಳಿದಾಗ ಒಂದೊಂದು, ಸದಸ್ಯರ ಹೆಸರು ಕೇಳಿದಾಗ ಇನ್ನೊಂದೊಂದು. ಅಂಗಡಿಗೆ ಹೋಗಿ ಉಪ್ಪು ತಂದು, ಮತ್ತೆ ಹೋಗಿ ಬೇಳೆ ತಂದು, ಮತ್ತೆ ಹೋಗಿ ಹುಣಸೆಹಣ್ಣು ತಂದ ಹಾಗೆ. ಕೋಡ್ ನೋಡಿದರೆ ಇದು ಕಾಣುವುದೇ ಇಲ್ಲ, ಅಲ್ಲಿರುವುದು ಬರೀ ಒಂದು ಚುಕ್ಕಿ ಮತ್ತು ಫೀಲ್ಡಿನ ಹೆಸರು. ಸೆಲೆಕ್ಟ್ ರಿಲೇಟೆಡ್ ಅಂತ ಸೇರಿಸಿ ಪುಸ್ತಕ, ಸದಸ್ಯ ಎರಡನ್ನೂ ಹೇಳಿದೆ. ಟೇಬಲ್ಲುಗಳನ್ನು ಜೋಡಿಸಿ (ಜಾಯಿನ್ ಮಾಡಿ) ಒಂದೇ ಕ್ವೆರಿಯಲ್ಲಿ ತಂದಿತು. ಒಂದು ಪುಸ್ತಕಕ್ಕೆ ಇಬ್ಬರು ಮೂವರು ಲೇಖಕರು ಇರುತ್ತಾರೆ ಅಲ್ವಾ, ಅಲ್ಲಿ ಪ್ರೀಫೆಚ್ ರಿಲೇಟೆಡ್ ಬೇಕು, ಅದಕ್ಕೆ ಇನ್ನೊಂದು ಕ್ವೆರಿ. 601 ಇದ್ದದ್ದು 1 ಆಯಿತು, ಲೇಖಕರೂ ಸೇರಿ 2, ಅದೂ ಹಳೆಯ ಸರ್ವರ್‌ನಲ್ಲೇ. ಹಾಗಾಗಿ ಜ್ಯಾಂಗೊ ಹಿಡಿಯುವವರು ಆ ಟೂಲ್‌ಬಾರನ್ನು ಮೊದಲ ದಿನವೇ ಹಾಕಿಕೊಳ್ಳಿ. ಎಸ್‌ಕ್ಯೂಎಲ್ ಬರೆಯಬೇಕಾಗಿಲ್ಲ ನಿಜ, ಓದದಿದ್ದರೆ ಮಾತ್ರ ನಡೆಯುವುದಿಲ್ಲ.

ಎರಡನೆಯದು ರಾಜ್ಯೋತ್ಸವದ ಊಟ. ಇದು ನನ್ನ ಮನಸ್ಸಿಗೆ ತುಂಬಾ ನಾಟಿದ್ದು. ಹೋಳಿಗೆ ಊಟಕ್ಕೆ 120 ಎಲೆ, ಆನ್‌ಲೈನ್ ಬುಕಿಂಗ್. ನಾನು ಬರೆದ ಕೋಡ್ ಹೀಗಿತ್ತು: ಉಳಿದ ಎಲೆ ಎಷ್ಟು ಅಂತ ಓದು, ಸೊನ್ನೆಗಿಂತ ಜಾಸ್ತಿ ಇದ್ದರೆ ಒಂದು ಕಳೆದು ಸೇವ್ ಮಾಡು. ಕೊನೆಯ ಎಲೆಗೆ ಇಬ್ಬರು ಒಂದೇ ಕ್ಷಣಕ್ಕೆ ಒತ್ತಿದರು. ಇಬ್ಬರ ಪುಟವೂ 1 ಅಂತ ಓದಿತು, ಇಬ್ಬರದ್ದೂ 0 ಅಂತ ಬರೆಯಿತು, ಇಬ್ಬರಿಗೂ ಕೂಪನ್ ಹೋಯಿತು. ಕಲ್ಯಾಣದಿಂದ ಮಕ್ಕಳನ್ನು ಕರೆದುಕೊಂಡು ಬಂದ ಕುಟುಂಬದ ಮುಂದೆ ನಿಂತು ವಿವರಿಸುವುದು ಎಷ್ಟು ಕಷ್ಟ! ಒಂದು ಎಲೆ ಹೆಚ್ಚು ಹಾಕಿಸಿದೆವು, ಊಟ ಆಯಿತು. ತಪ್ಪು ತಪ್ಪೇ.

ಸರಿಪಡಿಸುವ ದಾರಿ ಓಆರ್‌ಎಂ ಒಳಗೇ ಇದೆ. ಎಫ್ ಎಂಬ ಎಕ್ಸ್‌ಪ್ರೆಶನ್ ಬಳಸಿ 'ಉಳಿದದ್ದು ಸೊನ್ನೆಗಿಂತ ಹೆಚ್ಚಿದ್ದರೆ ಅಲ್ಲೇ ಒಂದು ಕಳೆ' ಅಂತ ಡೇಟಾಬೇಸಿಗೇ ಹೇಳಬಹುದು. ಎಷ್ಟು ಸಾಲು ಬದಲಾಯಿತು ಅಂತ ಅಪ್‌ಡೇಟ್ ಲೆಕ್ಕ ಕೊಡುತ್ತದೆ. 1 ಬಂದರೆ ಕೂಪನ್, 0 ಬಂದರೆ 'ಎಲೆ ಮುಗಿದಿದೆ'. ಇನ್ನೊಂದು ದಾರಿ ಅಟಾಮಿಕ್ ಬ್ಲಾಕ್ (ಆದರೆ ಎಲ್ಲವೂ ಆಗಬೇಕು, ಇಲ್ಲವಾದರೆ ಯಾವುದೂ ಆಗಬಾರದು ಅನ್ನುವ ಭಾಗ) ಒಳಗೆ ಸೆಲೆಕ್ಟ್ ಫಾರ್ ಅಪ್‌ಡೇಟ್ ಬಳಸಿ ಆ ಸಾಲಿಗೆ ಬೀಗ ಹಾಕುವುದು. ಇಲ್ಲಿ ಜ್ಯಾಂಗೊ ಮೇಲೆ ನನ್ನದೊಂದು ದೊಡ್ಡ ದೂರು. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ ಆ ಬೀಗದಿಂದ ಏನೂ ಪರಿಣಾಮ ಇಲ್ಲ, ಮತ್ತು ಅದು ಎರರ್ ಕೂಡ ಕೊಡುವುದಿಲ್ಲ. ಬೀಗ ಬಿದ್ದಿದೆ ಅಂತ ನೀವು ಅಂದುಕೊಂಡಿರುತ್ತೀರಿ, ಬಿದ್ದೇ ಇರುವುದಿಲ್ಲ. ಹೊಸ ಪ್ರಾಜೆಕ್ಟ್ ಶುರು ಮಾಡಿದರೆ ಸಿಗುವುದೇ ಎಸ್‌ಕ್ಯೂಲೈಟ್. ಒಬ್ಬರೇ ಕೂತು ಕಲಿಯಲು ಅದು ಬಹಳ ಒಳ್ಳೆಯದು, ಒಂದೇ ಫೈಲು, ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಆದರೆ ಒಂದೇ ಹೊತ್ತಿಗೆ ಹಲವರು ಬರೆಯಲು ಹೊರಟರೆ 'ಡೇಟಾಬೇಸ್ ಈಸ್ ಲಾಕ್ಡ್' ಅಂತ ನಿಲ್ಲುತ್ತದೆ, ಬುಕಿಂಗ್ ತೆರೆದ ಮೊದಲ ಹತ್ತು ನಿಮಿಷದಲ್ಲಿ ನಮಗೆ ಅದೂ ಆಗಿತ್ತು. ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ (ಹಲವರು ಒಟ್ಟಿಗೆ ಬರೆಯಬಲ್ಲ ದೊಡ್ಡ ಡೇಟಾಬೇಸ್) ಇಡುವುದಾದರೆ ಲ್ಯಾಪ್‌ಟಾಪಿನಲ್ಲೂ ಪೋಸ್ಟ್‌ಗ್ರೆಸ್ಸೇ ಇಡಿ. ಎರಡೂ ಉಚಿತ, ದುಡ್ಡಿನ ನೆಪ ಇಲ್ಲ.

ಮೂರನೆಯದು ಕನ್ನಡದ್ದು, ಬೇರೆ ಭಾಷೆಯವರು ಬರೆದ ವಿಮರ್ಶೆಯಲ್ಲಿ ಇದು ನಿಮಗೆ ಸಿಗುವುದಿಲ್ಲ. ನಮ್ಮ ಪುಸ್ತಕಗಳ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿತ್ತು, ಯೂನಿಕೋಡಿಗೆ ಬದಲಾಯಿಸಿ ತುಂಬಿದೆ. ಆಮೇಲೆ 'ಕೋ' ಅಂತ ಹುಡುಕಿದರೆ ಕಣ್ಣಮುಂದೆ ಇರುವ ಪುಸ್ತಕವೇ ಸಿಗುತ್ತಿರಲಿಲ್ಲ! ಓ ಸ್ವರದ ಗುರುತನ್ನು ಯೂನಿಕೋಡಿನಲ್ಲಿ ಒಂದೇ ಅಕ್ಷರವಾಗಿಯೂ ಬರೆಯಬಹುದು, ಒ ಗುರುತು ಮತ್ತು ದೀರ್ಘದ ಗುರುತು ಅಂತ ಎರಡು ಮಾಡಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಡೇಟಾಬೇಸಿಗೆ ಬೇರೆ ಬೇರೆ. ಎನ್‌ಎಫ್‌ಸಿ, ಅಂದರೆ ಕೂಡಿಸಿ ಬರೆಯುವ ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ, ಪೈಥಾನಿನಲ್ಲಿ ಒಂದು ಸಾಲಿನ ಕೆಲಸ. ಅದನ್ನು ನಾನು ಮಾಡೆಲ್‌ನ (ಪುಸ್ತಕದ ಕ್ಲಾಸಿನ) ಸೇವ್ ಒಳಗೆ ಬರೆದು ನೆಮ್ಮದಿಯಾಗಿದ್ದೆ. ಆದರೆ ಒಟ್ಟಿಗೆ ತುಂಬುವ ಬಲ್ಕ್ ಕ್ರಿಯೇಟ್ ಆ ಸೇವನ್ನು ಕರೆಯುವುದೇ ಇಲ್ಲ. ಹಲವು ಸಾಲನ್ನು ಒಟ್ಟಿಗೆ ಬದಲಿಸುವ ಕ್ವೆರಿಸೆಟ್‌ನ ಅಪ್‌ಡೇಟ್ ಕೂಡ ಕರೆಯುವುದಿಲ್ಲ. ಕೈಯಲ್ಲಿ ಒಂದೊಂದಾಗಿ ಸೇರಿಸಿದ ಪುಸ್ತಕ ಸರಿ, ಒಟ್ಟಿಗೆ ತುಂಬಿದ ಎರಡು ಸಾವಿರ ಚಿಲ್ಲರೆ ಪುಸ್ತಕ ಹಾಗೇ. ಈಗ ಸ್ವಂತದ ಒಂದು ಫೀಲ್ಡ್ ಬರೆದು, ಡೇಟಾಬೇಸಿಗೆ ಹೋಗುವ ಬಾಗಿಲಲ್ಲೇ ಅದನ್ನು ಸರಿಮಾಡುತ್ತೇನೆ, ಹುಡುಕುವ ಪದವನ್ನೂ ಬೇರೆಯಾಗಿ ಎನ್‌ಎಫ್‌ಸಿಗೆ ತರುತ್ತೇನೆ. ಅಕಾರಾದಿಯಲ್ಲೂ ಒಂದು ತೊಡಕಿದೆ. ಯೂನಿಕೋಡ್ ಸಂಖ್ಯೆಯ ಪ್ರಕಾರ ಜೋಡಿಸಿದರೆ ಳ ಬರುವುದು ಲ ಆದ ಕೂಡಲೇ, ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ. ಜೋಡಿಸಲಿಕ್ಕೆಂದೇ ಇನ್ನೊಂದು ಕಾಲಂ ಇಟ್ಟುಕೊಂಡಿದ್ದೇನೆ.

ಮೈಗ್ರೇಶನ್, ಅಂದರೆ ಕ್ಲಾಸ್ ಬದಲಾದಾಗ ಟೇಬಲ್ಲನ್ನೂ ಅದಕ್ಕೆ ತಕ್ಕಂತೆ ಬದಲಿಸುವುದು, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2014ರ 1.7 ಆವೃತ್ತಿಯಿಂದ ಜ್ಯಾಂಗೊ ಜೊತೆಗೇ ಬರುತ್ತದೆ, ಗಟ್ಟಿಯಾಗಿದೆ. ಫೀಲ್ಡಿನ ಹೆಸರು ಬದಲಿಸಿದಾಗ 'ಹೆಸರು ಬದಲಿಸಿದಿರಾ' ಅಂತ ಕೇಳುತ್ತದೆ, ಗಮನವಿಟ್ಟು ಓದಿ ಉತ್ತರ ಕೊಡಿ. ನೀವು 'ಇಲ್ಲ' ಅಂತ ಉತ್ತರಿಸಿದರೆ ಹಳೆಯ ಕಾಲಂ ಕಿತ್ತು ಹೊಸದನ್ನು ಹಾಕುವ ಮೈಗ್ರೇಶನ್ ಬರೆಯುತ್ತದೆ, ಅದನ್ನು ಓಡಿಸಿದರೆ ಮಾಹಿತಿ ಹೋಯಿತು. ಮೊದಲು ಬ್ಯಾಕಪ್, ಆಮೇಲೆ ಮೈಗ್ರೇಟ್.

ತುಂಬಾ ಮೆಚ್ಚಿದ್ದು ಒಂದಿದೆ. ಫಾರಿನ್ ಕೀ (ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಕೊಂಡಿ) ಬರೆಯುವಾಗ, ಆ ಕಡೆಯದು ಅಳಿದರೆ ಇದಕ್ಕೆ ಏನಾಗಬೇಕು ಅಂತ ಹೇಳಲೇಬೇಕು, 2.0 ಆವೃತ್ತಿಯಿಂದ ಇದು ಕಡ್ಡಾಯ. ನಮ್ಮಲ್ಲಿ ಹಿರಿಯರು ನಿವೃತ್ತರಾಗಿ ಉಡುಪಿಗೋ ಕುಂದಾಪುರಕ್ಕೋ ಹೋಗಿಬಿಡುತ್ತಾರೆ, ಯಾರೋ ಅವರ ಹೆಸರು ಅಳಿಸಲು ಹೋಗುತ್ತಾರೆ. ಕ್ಯಾಸ್ಕೇಡ್ ಇಟ್ಟಿದ್ದರೆ 30 ವರ್ಷ ಓದಿದ ಮನುಷ್ಯನ ಎರವಲಿನ ದಾಖಲೆಯೆಲ್ಲ ಜೊತೆಗೇ ಹೋಗುತ್ತಿತ್ತು. ಪ್ರೊಟೆಕ್ಟ್ ಇಟ್ಟಿದ್ದೇನೆ, ಅಳಿಸಲು ಬಿಡುವುದಿಲ್ಲ. ಅವರು ಯಾವ ಯಾವ ಪುಸ್ತಕ ಓದಿದ್ದರು ಎನ್ನುವುದು ಸಂಘದಲ್ಲಿ ಉಳಿಯಬೇಕು, ಇದು ನನಗೆ ತುಂಬಾ ಮುಖ್ಯ.

5ಕ್ಕೆ 4 ಕೊಡುತ್ತೇನೆ. ಆ ಬೀಗದ ವಿಷಯಕ್ಕೆ ಅರ್ಧ, ಬಲ್ಕ್ ಕ್ರಿಯೇಟ್‌ಗೆ ಅರ್ಧ ಕಳೆದಿದ್ದೇನೆ. ಸಂಘ, ಶಾಲೆ, ಸಣ್ಣ ಅಂಗಡಿ, ಇಂಥ ಕೆಲಸಕ್ಕೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಭಾರೀ ವರದಿ, ಗೋಜಲು ಲೆಕ್ಕಾಚಾರವೇ ಜಾಸ್ತಿ ಇದ್ದರೆ ಪೈಥಾನಿನ ಇನ್ನೊಂದು ಓಆರ್‌ಎಂ ಆದ ಎಸ್‌ಕ್ಯೂಎಲ್ಆಲ್ಕೆಮಿಯನ್ನೂ ಒಮ್ಮೆ ನೋಡಿ, ಅದು ಎಸ್‌ಕ್ಯೂಎಲ್‌ಗೆ ಇನ್ನೂ ಹತ್ತಿರ. ನವೆಂಬರಿನ ಊಟಕ್ಕೆ ಈ ಸಲ 150 ಎಲೆ. ಹೋದ ಭಾನುವಾರ ನಮ್ಮ ಹುಡುಗರು ಎಂಟು ಜನ ಕೂತು, ಕೊನೆಯ ಒಂದು ಎಲೆ ಬಿಟ್ಟು, ಎಲ್ಲರೂ ಒಟ್ಟಿಗೆ ಬಟನ್ ಒತ್ತಿದರು. ಕೂಪನ್ ಹೋಗಿದ್ದು ಒಬ್ಬರಿಗೇ.