ಫ್ಯಾನ್ ಸದ್ದು ತೆಗೆಯಲು ಆಡಾಸಿಟಿ ಸಾಕು
ಅತ್ತೆಯವರ ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಅವರ ಜೊತೆಗೆ ಸೀಲಿಂಗ್ ಫ್ಯಾನೂ ಹಾಡಿತ್ತು. ಆ ಸದ್ದು ತೆಗೆಯಲು ಬಳಸಿದ್ದು ಆಡಾಸಿಟಿ ಎಂಬ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್. ಪೂರ್ತಿ ಉಚಿತ, 2000ದಿಂದಲೂ ಇದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನೋಡೋಕೆ ಸ್ವಲ್ಪ ಹಳೇ ಕಾಲದ್ದು, ಇರಲಿ.

ಹಾಡು ಶುರುವಾಗುವ ಮುಂಚೆ ಬರೀ ಫ್ಯಾನ್ ಕೇಳಿಸುವ ಒಂದೆರಡು ಸೆಕೆಂಡನ್ನು ಸೆಲೆಕ್ಟ್ ಮಾಡಿ, ಸದ್ದು ತಗ್ಗಿಸುವ ಆಯ್ಕೆಯಾದ ನಾಯ್ಸ್ ರಿಡಕ್ಷನ್‌ನಲ್ಲಿ 'ಗೆಟ್ ನಾಯ್ಸ್ ಪ್ರೊಫೈಲ್' ಒತ್ತಬೇಕು. ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಎಂದು ಅದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಇಡೀ ಹಾಡನ್ನು ಸೆಲೆಕ್ಟ್ ಮಾಡಿ ಅಲ್ಲೇ ಮತ್ತೆ ಹೋಗಿ ಓಕೆ ಕೊಟ್ಟರಾಯಿತು. ಸದ್ದನ್ನು ಎಷ್ಟು ತಗ್ಗಿಸಬೇಕೆಂಬ ಅಳತೆಯನ್ನು ಆಸೆಗೆ ಬಿದ್ದು 24 ಡೆಸಿಬೆಲ್ ಇಟ್ಟರೆ ಅತ್ತೆಯವರ ದನಿ ಬಿಂದಿಗೆಯೊಳಗಿಂದ ಬಂದ ಹಾಗಿತ್ತು. 9ಕ್ಕೆ ಇಳಿಸಿದಾಗ ಫ್ಯಾನ್ ಹಿಂದೆ ಸರಿಯಿತು, ಸಾಲಿನ ನಡುವೆ ಅವರು ಉಸಿರೆಳೆದುಕೊಳ್ಳುವುದೂ ಉಳಿಯಿತು. ನನಗೆ ಬೇಕಿದ್ದದ್ದು ಅಷ್ಟೇ.

ತುಂಬ ಹಿಡಿಸಿದ್ದು 'ರೆಸಿಡ್ಯೂ' ಆಯ್ಕೆ. ಏನನ್ನು ತೆಗೆದುಹಾಕುತ್ತಿದೆಯೋ ಅದನ್ನಷ್ಟೇ ಕೇಳಿಸುತ್ತದೆ. ಅದರಲ್ಲಿ ಹಾಡಿನ ಪದವೂ ಕೇಳಿಸಿದರೆ ಕತ್ತರಿ ಜಾಸ್ತಿಯಾಯಿತೆಂದೇ ಲೆಕ್ಕ.

ಒಂದೇ ಸಮನೆ ಬರುವ ಸದ್ದಿಗೆ ಮಾತ್ರ ಇದು ಸರಿ. ಕುಕ್ಕರ್ ಸೀಟಿ, ಬೀದಿಯ ಹಾರ್ನ್ ಇದರಿಂದ ಹೋಗಲ್ಲ. ಇಯರ್‌ಫೋನ್ ಹಾಕಿಕೊಂಡೇ ತೀರ್ಮಾನಿಸಿ, ಲ್ಯಾಪ್‌ಟಾಪ್ ಸ್ಪೀಕರ್ ನಂಬಬೇಡಿ. ಮೂಲ ಫೈಲನ್ನಂತೂ ಅಳಿಸಲೇಬೇಡಿ, ನಾಳೆ ಇದಕ್ಕಿಂತ ಚೆನ್ನಾಗಿರೋದು ಬಂದೀತು.