ಒಂದೇ ಪದ, ಎರಡು ರೆಕಾರ್ಡಿಂಗ್: ಕ್ಲಿಕ್ ಮೇಲೆ ಹಾಡಿದ್ದು, ಪಡಸಾಲೆಯಲ್ಲಿ ಹಾಡಿದ್ದು

ನಮ್ಮದು ಬಾಗಲಕೋಟೆ ನವನಗರದ ಆರು ಜನರ ಬ್ಯಾಂಡ್. ದಪ್ಪು, ಒಂದೇ ತಂತಿಯ ತುಂತುಣಿ, ತಾಳ, ಹಾರ್ಮೋನಿಯಂ, ಜೊತೆಗೆ ಗಿಟಾರ್ ಮತ್ತು ಬೇಸ್. ಗೀಗೀ ಪದ ಹಾಡುವ ಜನಪದ ಮೇಳದ ಮಟ್ಟಿನಲ್ಲಿ ನಾವೇ ಕಟ್ಟಿದ ಪದಗಳನ್ನು ಹಾಡುತ್ತೇವೆ. ಅವುಗಳಲ್ಲಿ ಮುಳುಗಡೆ ಪದದ ಮೇಲೆ ನಮಗೆಲ್ಲ ಜೀವ. ಆಲಮಟ್ಟಿ ಹಿನ್ನೀರು ಬಂತೆಂದು ಮನೆ ಬಿಟ್ಟು ನವನಗರ ಸೇರಿದವರ ಮಕ್ಕಳು ನಾವು. ನೀರು ಏರಿದ ಹಾಗೆ ಲಯವೂ ಏರಬೇಕು ಅಂತಲೇ ಕಟ್ಟಿದ ಪದ ಅದು. ರಿಹರ್ಸಲ್‌ನಲ್ಲಿ ಮೊಬೈಲಿನಲ್ಲಿ ಅಳೆದು ನೋಡಿದರೆ ನಿಮಿಷಕ್ಕೆ 92 ಪೆಟ್ಟಿನಿಂದ ಶುರುವಾಗಿ ಕೊನೆಯ ನುಡಿಗೆ 118 ಮುಟ್ಟುತ್ತಿತ್ತು.

ಈ ಒಂದು ಪದವನ್ನು ಎರಡು ಸಲ, ಇಬ್ಬರು ಪ್ರೊಡ್ಯೂಸರ್‌ಗಳ ಹತ್ತಿರ ರೆಕಾರ್ಡ್ ಮಾಡಿಸಿದೆವು. ಯಾವುದು ನಮ್ಮದಾಯಿತು, ಯಾವುದು ಆಗಲಿಲ್ಲ ಅನ್ನುವುದನ್ನು ನಮ್ಮಂಥ ಮೇಳದವರಿಗೆ ತಿಳಿಸಬೇಕು ಅನ್ನಿಸಿತು.

ಮೊದಲನೆಯದು ಬೆಳಗಾವಿಯ ಒಂದು ಸ್ಟುಡಿಯೋ, ಜುಲೈ ತಿಂಗಳು. ಅಲ್ಲಿನ ಪದ್ಧತಿ ಕ್ಲಿಕ್. ಕಿವಿಗೆ ಹೆಡ್‌ಫೋನ್ ಹಾಕಿ, ಟಕ್ ಟಕ್ ಅನ್ನುವ ಮೆಟ್ರೋನೋಮ್ ಕೇಳುತ್ತ ಒಬ್ಬೊಬ್ಬರೇ ಒಳಗೆ ಹೋಗಿ ನುಡಿಸಿ ಬರಬೇಕು. ಮೊದಲು ಬೇಸ್, ಆಮೇಲೆ ದಪ್ಪು, ಕೊನೆಗೆ ಕಂಠ. ವೇಗ 104 ಅಂತ ಅವರೇ ಗೊತ್ತು ಮಾಡಿದರು. ಲಯ ಏರಬೇಕು ಅಂದೆವು. ಕ್ಲಿಕ್ಕನ್ನೂ ಮೆಲ್ಲಗೆ ಏರಿಸಬಹುದು, ಆದರೆ ಆಮೇಲೆ ಕತ್ತರಿಸಿ ಅಂಟಿಸುವುದು ಕಷ್ಟವಾಗುತ್ತದೆ ಅಂದರು. ಕತ್ತರಿಸಿ ಅಂಟಿಸುವುದು ಯಾಕೆ ಬೇಕು ಅಂತ ಅವತ್ತು ನಮಗೆ ಹೊಳೆಯಲಿಲ್ಲ. ವಾರದ ಮೇಲೆ ಮಿಕ್ಸ್, ಅಂದರೆ ಎಲ್ಲರದನ್ನೂ ಕೂಡಿಸಿದ ಹಾಡು, ಕೇಳಿದಾಗ ತಿಳಿಯಿತು. ನಮ್ಮ ಪಲ್ಲವಿ ಮೊದಲ ಸಲ ಒಂದೇ ದನಿ, ಎರಡನೇ ಸಲ ಎರಡು ದನಿ, ಕೊನೆಗೆ ಆರೂ ಜನ. ಅವರು ಒಂದು ಒಳ್ಳೆಯ ಪಲ್ಲವಿ ಆರಿಸಿ ನಾಲ್ಕೂ ಕಡೆ ಅದನ್ನೇ ಕೂಡಿಸಿದ್ದರು. ನೀರು ಏರಲೇ ಇಲ್ಲ.

ದಪ್ಪಿನದು ಇನ್ನೊಂದು ಸಂಕಟ. ಬೆಳಗಾವಿಯ ಮಳೆಗೆ ಚರ್ಮ ಸಡಿಲಾಗಿ ಥಪ್ ಥಪ್ ಅನ್ನುತ್ತಿತ್ತು. ಒಳಗೆ ಬೆಂಕಿ ಹಚ್ಚುವ ಹಾಗಿಲ್ಲ. ನಮ್ಮ ದಪ್ಪಿನ ಹುಡುಗ ಹೊರಗೆ ತಗಡಿನ ಕೆಳಗೆ ಕೂತು ಹಳೆಯ ಪೇಪರ್ ಸುಟ್ಟು, ದಪ್ಪನ್ನು ಉರಿಯ ಮೇಲೆ ತಿರುಗಿಸುತ್ತ, ಬೆರಳಲ್ಲಿ ಬಡಿದು ನೋಡಿ, ಠಣ್ ಅಂದ ಕೂಡಲೇ ಒಳಗೆ ಓಡುತ್ತಿದ್ದ. ಎರಡು ಟೇಕ್ ಆಗುವಷ್ಟರಲ್ಲಿ ಮತ್ತೆ ಸಡಿಲು. ಕೊನೆಗೆ ಪ್ರತಿ ಪೆಟ್ಟಿನ ಕೆಳಗೆ ಕಂಪ್ಯೂಟರಿನ ಒಂದು ಸ್ಯಾಂಪಲ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಪೆಟ್ಟು, ಕೂಡಿಸಿದರು. ಎಲ್ಲ ಪೆಟ್ಟೂ ಒಂದೇ ತೂಕ.

ಕಂಠಕ್ಕೆ ಶ್ರುತಿ ತಿದ್ದುವ ಸಾಫ್ಟ್‌ವೇರ್ ಹಾಕಿದ್ದರು. 1997ರಲ್ಲಿ ಆಟೋ ಟ್ಯೂನ್ ಬಂದ ಮೇಲೆ ಇದು ಎಲ್ಲೆಲ್ಲೂ ರೂಢಿ. ಎಚ್ಚರವಿಲ್ಲದೆ ಬಿಗಿಯಾಗಿ ಹಾಕಿದರೆ ಅದು ದನಿಯನ್ನು ಹಾರ್ಮೋನಿಯಂ ಮನೆಯ ಹನ್ನೆರಡು ಸ್ವರಗಳಿಗೆ ಎಳೆದು ಕೂರಿಸುತ್ತದೆ. ನಮ್ಮ ಹಾಡುಗಾರ ಕೋಮಲ ಗಾಂಧಾರದಿಂದ ಅದರ ಮೇಲಿನ ಸ್ವರವಾದ ಶುದ್ಧ ಗಾಂಧಾರಕ್ಕೆ ಜಾರುವ ಒಂದು ಜಾಗ ಇದೆ, ಅಲ್ಲೇ ಕೇಳುವವರ ಕಣ್ಣು ತೇವವಾಗುವುದು. ಅಲ್ಲಿ ಜಾರು ಹೋಗಿ ಮೆಟ್ಟಿಲು ಬಂದಿತ್ತು.

ಎರಡನೆಯದು ಮುಂದಿನ ಫೆಬ್ರವರಿ. ಈ ಪ್ರೊಡ್ಯೂಸರ್ ಸಾಮಾನನ್ನೇ ನಮ್ಮ ಕಡೆ ತಂದರು. ಹಳೆಯ ಬಾಗಲಕೋಟೆಯಲ್ಲಿ ಇನ್ನೂ ನಿಂತಿರುವ ಒಂದು ಮಣ್ಣಿನ ಮಾಳಗಿ ಮನೆಯ ಪಡಸಾಲೆ. ದಪ್ಪ ಗೋಡೆ, ಕಟ್ಟಿಗೆಯ ಜಂತಿ, ಪ್ರತಿಧ್ವನಿ ಇಲ್ಲವೇ ಇಲ್ಲ ಅನ್ನಬಹುದು. ನಡುವೆ ಒಂದು ಜೋಡಿ ಕಂಡೆನ್ಸರ್ ಮೈಕ್, ಕಂಠಕ್ಕೊಂದು, ದಪ್ಪಿಗೊಂದು. ಬೇಸ್‌ನ ಆಂಪ್ಲಿಫೈಯರನ್ನು ಅಡಗಿ ಮನೆಯಲ್ಲಿಟ್ಟು ಬಾಗಿಲು ಹಾಕಿದೆವು. ಆರೂ ಜನ ಒಬ್ಬರ ಮುಖ ಒಬ್ಬರು ನೋಡುತ್ತ ಅರ್ಧ ಸುತ್ತಿನಲ್ಲಿ ಕೂತು ಒಟ್ಟಿಗೇ ನುಡಿಸಿದೆವು.

ಇದರಲ್ಲಿ ಕಷ್ಟ ಬೇರೆ ಥರದ್ದು. ಕಂಠದ ಮೈಕಿಗೆ ದಪ್ಪೂ ಸೋರುತ್ತದೆ. ಶಬ್ದ ಮೂರು ಮೀಟರ್ ದಾಟಲು ಸುಮಾರು 9 ಮಿಲಿಸೆಕೆಂಡ್ ಬೇಕು. ಒಂದೇ ಪೆಟ್ಟು ಎರಡು ಮೈಕಿಗೆ ಹಿಂದೆ ಮುಂದೆ ಬಂದರೆ ನಾದ ಟೊಳ್ಳಾಗುತ್ತದೆ. ಅದಕ್ಕೇ ಒಂದು ಮುಂಜಾನೆ ಪೂರ್ತಿ ನಮ್ಮನ್ನು ಒಂದೊಂದು ಗೇಣು ಸರಿಸುವುದರಲ್ಲೇ ಹೋಯಿತು. ತಪ್ಪಾದರೆ ಒಬ್ಬರದನ್ನೇ ತಿದ್ದುವ ಹಾಗಿಲ್ಲ, ಎಲ್ಲರೂ ಮೊದಲಿನಿಂದ. ಐದು ಟೇಕ್‌ಗಳಲ್ಲಿ ಮೂರನೆಯದನ್ನು ಆರಿಸಿದೆವು. ಅದರ ಎರಡನೇ ನುಡಿಯಲ್ಲಿ ಒಂದು ಶಬ್ದ ತಪ್ಪಿದೆ, ಹಾಗೇ ಉಳಿಯಿತು. ನನಗೆ ಇವತ್ತಿಗೂ ಅದು ಚುಚ್ಚುತ್ತದೆ.

ಆದರೆ ಲಯ ಏರಿತು. ಮೂರನೇ ನುಡಿಗೆ ದಪ್ಪಿನವನು ತಲೆ ಎತ್ತಿ ನೋಡಿದ, ತಾಳದವನು ಹಿಡಿದ, ಬೇಸ್ ಹಿಂದೆ ಬಂತು. ಆ ನೋಟವನ್ನು ಯಾವ ಕ್ಲಿಕ್ಕೂ ಕೊಡಲಾರದು. ಇದು ಹಳೆಯ ಕಾಲದ ಪದ್ಧತಿ ಅಂತ ಕೆಲವರು ಅಂದರು. ಹೌದು, ಹಳೆಯದೇ. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ 1940ರ ದಶಕದಲ್ಲಿ ಹಿಂದಿ ಸಿನಿಮಾಕ್ಕೆ ಹಾಡುವಾಗ ಹಾಡುವವರೂ ವಾದ್ಯದವರೂ ಕೂಡಿಯೇ ಮುಗಿಸಬೇಕಿತ್ತು.

ಖರ್ಚು: ಬೆಳಗಾವಿಯಲ್ಲಿ ತಾಸಿಗೆ 800 ರೂಪಾಯಿಯಂತೆ 19 ತಾಸು. ಪಡಸಾಲೆಯಲ್ಲಿ ಎರಡು ದಿನಕ್ಕೆ 14,000. ಹೆಚ್ಚು ಕಡಿಮೆ ಒಂದೇ.

ಬೆಳಗಾವಿಯವರ ಬಗ್ಗೆ ನ್ಯಾಯವಾಗಿ ಹೇಳಬೇಕು. ಮಳೆ ಅವರ ತಪ್ಪಲ್ಲ, ಜುಲೈ ಆರಿಸಿದ್ದು ನಾವು. ಅಲ್ಲೇ ಮಾಡಿದ ನಮ್ಮ ಇನ್ನೊಂದು ನಿಧಾನದ ಹಾಡು, ಗಿಟಾರ್ ಮತ್ತು ಕಂಠದ್ದು ಮಾತ್ರ, ಬಹಳ ಚೊಕ್ಕವಾಗಿದೆ. ಮೊಬೈಲಿನ ಸಣ್ಣ ಸ್ಪೀಕರಿನಲ್ಲೂ ಪ್ರತಿ ಅಕ್ಷರ ಕೇಳುತ್ತದೆ. ಅದನ್ನು ಹಾಗೇ ಇಟ್ಟುಕೊಂಡಿದ್ದೇವೆ. ಲಯ ಕದಲದ ಹಾಡಿಗೆ ಕ್ಲಿಕ್ ಏನೂ ಕೆಡಿಸುವುದಿಲ್ಲ. ಮುಳುಗಡೆ ಪದ ಏನು ಹೇಳಬೇಕು ಅಂತ ಅವರು ಕೇಳಲಿಲ್ಲ, ಮೊದಲೇ ಕೂತು ಹೇಳುವುದು ನಮಗೂ ತಿಳಿಯಲಿಲ್ಲ. ಪಡಸಾಲೆಯವರು ಮೈಕ್ ಬಿಚ್ಚುವ ಮೊದಲು ಕೇಳಿದ್ದು ಒಂದೇ ಮಾತು: "ಈ ಪದದಾಗ ಯಾವ ಜಾಗಾ ಕಳಕೊಳ್ಳಾಕ ಆಗಂಗಿಲ್ಲ?" ಆರೂ ಜನ ಅದೇ ಗಾಂಧಾರದ ಜಾಗವನ್ನೇ ಹೇಳಿದೆವು.

ಇನ್ನು ನಾಲ್ಕು ಪದಗಳಿವೆ. ಮೂರು ಪಡಸಾಲೆಗೆ, ಒಂದು ಸ್ಟುಡಿಯೋಕ್ಕೆ. ಚರ್ಮ ಒಣಗಬೇಕಲ್ಲ, ಮಳೆ ಮುಗಿಯಲಿ ಅಂತ ಕಾಯುತ್ತಿದ್ದೇವೆ.